ಹತ್ತು ಎಣಿಸುವವರೆಗೆ

ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿದ ಮೇಲೆ ನನ್ನ ತರಗತಿಯನ್ನು ನಾನೇ ಮೊದಲ ಬಾರಿಗೆ ಕೇಳಿಸಿಕೊಂಡದ್ದು ಒಂದು ತರಬೇತಿ ಕೇಂದ್ರದ ಅತಿಥಿಗೃಹದಲ್ಲಿ, ರಾತ್ರಿ ಹತ್ತು ಗಂಟೆಗೆ, ಸೊಳ್ಳೆಪರದೆಯೊಳಗೆ ಕುಳಿತು. ಬರುವಾಗ ನಿಮ್ಮ ಯಾವುದಾದರೂ ಒಂದು ಪೀರಿಯಡ್ಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬನ್ನಿ ಎಂದು ಸೂಚನೆ ಬಂದಿತ್ತು. ಮೇಜಿನ ಮೇಲೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದ್ದೆ, ಕೇಳಿರಲಿಲ್ಲ. ತಾನು ಮಾಡಿದ ಅಡುಗೆಯ ರುಚಿ ತನಗೆ ಗೊತ್ತೇ ಇದೆ ಎಂಬ ಧೈರ್ಯ.

ಒಟ್ಟು 50 ನಿಮಿಷ. ಅಷ್ಟರಲ್ಲಿ ‘ಅರ್ಥವಾಯಿತೇ?’ ಎಂದು 23 ಸಲ ಕೇಳಿದ್ದೇನೆ. ಎಣಿಕೆ ತಪ್ಪಿರಬೇಕು ಎನ್ನಿಸಿ ಮತ್ತೊಮ್ಮೆ ಹಾಕಿಕೊಂಡು ಎಣಿಸಿದೆ. ಅಷ್ಟೇ ಬಂತು. ಪ್ರತಿ ಸಲವೂ ಅರವತ್ತು ಕಂಠಗಳು ಪ್ರಾರ್ಥನೆ ಹೇಳಿದ ಹಾಗೆ ‘ಯೆಸ್ ಮೇಡಂ’ ಎಂದಿವೆ. ನಿಜವಾದ ಪ್ರಶ್ನೆ ಎನ್ನಬಹುದಾದದ್ದನ್ನು ಕೇಳಿದ್ದು ಎರಡೇ ಕಡೆ, ಮತ್ತು ಎರಡಕ್ಕೂ ಉತ್ತರ ಹೇಳಿದವಳು ನಾನೇ. ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವೆ ಒಂದು ಉಸಿರು ಎಳೆದುಕೊಂಡಷ್ಟೇ ಬಿಡುವು.

ಆ ಕೇಂದ್ರಕ್ಕೆ ನಾನು ಕಲಿಯುವ ಹಸಿವಿನಿಂದ ಹೋಗಿದ್ದೆ ಎಂದರೆ ಸುಳ್ಳಾದೀತು. ಬಡ್ತಿಗೆ ಎರಡು ವಾರದ ಒಂದು ರಿಫ್ರೆಷರ್ ಕೋರ್ಸಿನ ಪ್ರಮಾಣಪತ್ರ ಬೇಕಿತ್ತು. ಅನ್ಯ ಕರ್ತವ್ಯದ (ಓಓಡಿ) ಪತ್ರ ಬರೆದುಕೊಟ್ಟು 2023ರ ಡಿಸೆಂಬರಿನಲ್ಲಿ ಬಸ್ಸು ಹತ್ತಿದೆ. ಇಂಥ ಕೇಂದ್ರಗಳು ಹುಟ್ಟಿದ್ದು 1986ರ ಶಿಕ್ಷಣ ನೀತಿಯ ಫಲವಾಗಿ, ಅಕಾಡೆಮಿಕ್ ಸ್ಟಾಫ್ ಕಾಲೇಜು ಎಂಬ ಹೆಸರಿನಲ್ಲಿ. 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮಾಲವೀಯ ಮಿಷನ್ ಹೆಸರಿಗೆ ತಿರುಗಿದವು. ನಾನು ಹೋದಾಗ ಹೊಸ ಫಲಕಕ್ಕೆ ಬಣ್ಣ ಹಚ್ಚಿ ಹೆಚ್ಚು ದಿನವಾಗಿರಲಿಲ್ಲ. ಒಳಗಿನ ಕುರ್ಚಿಗಳು ಮಾತ್ರ ಮೊದಲ ಹೆಸರಿನ ಕಾಲದವು.

ವಿಷಯ ‘ಸಕ್ರಿಯ ಕಲಿಕೆಗೆ ತಂತ್ರಜ್ಞಾನ’. ಮೊದಲ ಎರಡು ದಿನ ನಾವು ಕುಳಿತೆವು, ಬಂದವರು ಮಾತಾಡಿದರು. ಉಪನ್ಯಾಸ ಪದ್ಧತಿ ಏಕೆ ಸಾಲದು ಎಂಬ ಬಗ್ಗೆ ಒಬ್ಬರು ಎರಡು ಗಂಟೆ ಉಪನ್ಯಾಸ ಕೊಟ್ಟರು. ವಿದ್ಯಾರ್ಥಿಯ ಏಕಾಗ್ರತೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬ ಸ್ಲೈಡ್ ಬಂದದ್ದು ಒಂದೂಮುಕ್ಕಾಲು ಗಂಟೆಯಾದ ಮೇಲೆ. ಯಾರೂ ನಗಲಿಲ್ಲ, ಬಹುಶಃ ಯಾರೂ ನೋಡುತ್ತಿರಲಿಲ್ಲ. ಕೊರೋನಾ ಕಾಲದಲ್ಲಿ ವೆಬಿನಾರುಗಳಿಗೆ ಲಾಗಿನ್ ಆಗಿ, ಕ್ಯಾಮೆರಾ ಆರಿಸಿ, ಕೊನೆಗೆ ಗೂಗಲ್ ಫಾರ್ಮ್ ತುಂಬಿ ಇ-ಪ್ರಮಾಣಪತ್ರ ಇಳಿಸಿಕೊಂಡು ಪಳಗಿದ ಮಂದಿ ನಾವು. ಕ್ಯಾಮೆರಾ ಇಲ್ಲದೆಯೂ ಮುಖವನ್ನು ಆರಿಸಿಕೊಳ್ಳುವುದು ನಮಗೆ ಗೊತ್ತಿತ್ತು.

ಮೂರನೆಯ ದಿನ ಬಂದವರು ಪ್ರೊಜೆಕ್ಟರನ್ನು ಕೂಡಲೇ ಹಚ್ಚಲಿಲ್ಲ. ಐವತ್ತರ ಆಸುಪಾಸಿನ ಮಹಿಳೆ, ಗಣಿತದವರು. ಪ್ರತಿಯೊಬ್ಬರಿಗೂ ಒಂದೊಂದು ಬಿಳಿ ಹಾಳೆ ಹಂಚಿದರು. ಅದರಲ್ಲಿ ಕ್ಯೂಆರ್ ಕೋಡಿನ ದಾಯಾದಿಯಂತಿದ್ದ ಒಂದು ಕಪ್ಪು ಆಕೃತಿ, ನಾಲ್ಕು ಬದಿಗೆ ಚಿಕ್ಕದಾಗಿ ಎ, ಬಿ, ಸಿ, ಡಿ. ನಿಮ್ಮ ಉತ್ತರದ ಅಕ್ಷರ ಮೇಲೆ ಬರುವಂತೆ ಹಿಡಿಯಿರಿ, ನನ್ನ ಮೊಬೈಲು ಓದಿಕೊಳ್ಳುತ್ತದೆ ಎಂದರು. ಒಬ್ಬೊಬ್ಬರ ಆಕೃತಿಯೂ ಬೇರೆಯಾದ್ದರಿಂದ ಯಾರು ಏನು ಹೇಳಿದರು ಎಂಬುದು ಅವರಿಗೆ ಗೊತ್ತಾಗುತ್ತದೆ, ಪಕ್ಕದವರಿಗೆ ಗೊತ್ತಾಗುವುದಿಲ್ಲ. ಪ್ಲಿಕರ್ಸ್ ಎಂದು ಅದರ ಹೆಸರು. ಮೊಬೈಲು ಬೇಕಾದದ್ದು ಪಾಠ ಮಾಡುವವರಿಗೆ ಮಾತ್ರ.

ಅವರು ಕೇಳಿದ ಪ್ರಶ್ನೆ: ನಮಗೆ ಬೇಸಿಗೆಯಲ್ಲಿ ಸೆಕೆ ಏಕೆ? ಉತ್ತರ ಎ, ಆಗ ಭೂಮಿ ಸೂರ್ಯನಿಗೆ ಹತ್ತಿರವಿರುತ್ತದೆ. ಉತ್ತರ ಬಿ, ಭೂಮಿಯ ಅಕ್ಷ ಓರೆಯಾಗಿದೆ. ಉಳಿದೆರಡು ನೆನಪಿಲ್ಲ. ಕೋಣೆಯಲ್ಲಿದ್ದವರೆಲ್ಲ ಸ್ನಾತಕೋತ್ತರ ಪದವೀಧರರು, ಅರ್ಧ ಜನ ಡಾಕ್ಟರೇಟ್ ಪಡೆದವರು. ಪರದೆಯ ಮೇಲೆ ಕಂಬಗಳು ಎದ್ದಾಗ ‘ಹತ್ತಿರ’ ಎಂಬ ಕಂಬವೇ ಎತ್ತರ. ಈಗ ಪಕ್ಕದವರನ್ನು ಒಪ್ಪಿಸಿ ಎಂದರು.

ನನ್ನ ಪಕ್ಕದಲ್ಲಿದ್ದವರು ಕನ್ನಡ ಪ್ರಾಧ್ಯಾಪಕರು. ನನಗೆ ಉತ್ಸಾಹ ಬಂತು. 23.5 ಡಿಗ್ರಿ, ಕಿರಣಗಳು ಬೀಳುವ ಕೋನ, ಚದರ ಮೀಟರಿಗೆ ಎಷ್ಟು ಶಕ್ತಿ ಎಲ್ಲವನ್ನೂ ಹೇಳಿದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಆರಂಭದಲ್ಲಿ ಎಂದೂ ಹೇಳಿದೆ. ಅವರು ತಲೆಯಾಡಿಸಿ, ‘ಹೌದು ಮೇಡಂ’ ಎಂದರು. ಎರಡನೆಯ ಸಲ ಹಾಳೆ ಎತ್ತಿದಾಗ ಮತ್ತೆ ‘ಎ’ಯನ್ನೇ ಹಿಡಿದಿದ್ದರು.

ಅವರನ್ನು ಒಪ್ಪಿಸಿದ್ದು ಹಿಂದಿನ ಸಾಲಿನ ಸಸ್ಯಶಾಸ್ತ್ರದವರು. ‘ಸರ್, ಕ್ರಿಕೆಟ್ ನೋಡುತ್ತೀರಲ್ಲ, ಡಿಸೆಂಬರ್ 26ಕ್ಕೆ ಮೆಲ್ಬರ್ನ್‌ನಲ್ಲಿ ಟೆಸ್ಟ್ ಶುರುವಾಗುತ್ತದೆ. ಜನ ಟೋಪಿ ಹಾಕಿಕೊಂಡು ಬಿಸಿಲಿನಲ್ಲಿ ಕುಳಿತಿರುತ್ತಾರೆ. ಇಲ್ಲಿ ನಾವು ಸ್ವೆಟರ್ ಹಾಕಿರುತ್ತೇವೆ. ಸೂರ್ಯ ಹತ್ತಿರ ಬಂದರೆ ಅವರಿಗೂ ನಮಗೂ ಒಂದೇ ಸಲ ಬರಬೇಕಲ್ಲವೇ?’ ಕನ್ನಡದವರು ಒಂದು ಕ್ಷಣ ಸುಮ್ಮನಿದ್ದು, ‘ಅಯ್ಯೋ’ ಎಂದರು. ಆ ‘ಅಯ್ಯೋ’ ನನ್ನ ಇಪ್ಪತ್ತೆರಡು ವರ್ಷದ ‘ಯೆಸ್ ಮೇಡಂ’ಗಳಲ್ಲಿ ಒಂದರಲ್ಲೂ ಇರಲಿಲ್ಲ.

ರೆಕಾರ್ಡಿಂಗ್ ಕೇಳಿದ್ದು ಆ ರಾತ್ರಿಯೇ. ಮರುದಿನ ಆ ಗಣಿತದ ಮೇಡಂ ಮೇರಿ ಬಡ್ ರೋ ಎಂಬ ಸಂಶೋಧಕಿಯ ವಿಚಾರ ಹೇಳಿದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂದು 1970ರ ದಶಕದಲ್ಲಿ ಅಮೆರಿಕದ ತರಗತಿಗಳಲ್ಲಿ ಅಳೆದವರು ಅವರು. ಸರಾಸರಿ ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಸಾಕು, ಮಕ್ಕಳ ಉತ್ತರಗಳು ಉದ್ದವಾಗುತ್ತಿದ್ದವು, ಮಾತಾಡದವರು ಮಾತಾಡುತ್ತಿದ್ದರು. ನಂತರ ನಮ್ಮನ್ನು ಒಬ್ಬೊಬ್ಬರನ್ನಾಗಿ ಮುಂದೆ ನಿಲ್ಲಿಸಿ, ಒಂದು ಪ್ರಶ್ನೆ ಕೇಳಿಸಿ, ಸ್ಟಾಪ್‌ವಾಚ್ ಹಿಡಿದು ಹತ್ತು ಸೆಕೆಂಡ್ ಬಾಯಿ ಮುಚ್ಚಿಸಿದರು. ಎರಡು ವಾರದಲ್ಲಿ ಕಷ್ಟವಾದ ಅಭ್ಯಾಸ ಎಂದರೆ ಅದೊಂದೇ. ಒಬ್ಬರು ನಾಲ್ಕಕ್ಕೆ ‘ಅಂದರೆ...’ ಎಂದು ಶುರು ಮಾಡಿಬಿಟ್ಟರು. ನಾನು ಆರಕ್ಕೆ ಬೋರ್ಡಿನ ಕಡೆ ತಿರುಗಿ ಒರೆಸಲು ತೊಡಗಿದೆ. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಾಜೂರ್ ಅವರ ಹೆಸರನ್ನು ಕೇಳಿದ್ದೂ ಅಲ್ಲಿಯೇ. ಭೌತಶಾಸ್ತ್ರದವಳಾಗಿ ಅಷ್ಟು ತಡವಾಗಿ ಕೇಳಿದೆನಲ್ಲ ಎಂದು ನಾಚಿಕೆಯಾಯಿತು. ಅವರೂ ನಮ್ಮಂತೆಯೇ, ಒಳ್ಳೆಯ ಉಪನ್ಯಾಸಕ ಎಂದು ಹೆಸರು ಪಡೆದವರು. ಲೆಕ್ಕವಿಲ್ಲದ, ಬರೀ ಪರಿಕಲ್ಪನೆಯ ಸುಲಭ ಪ್ರಶ್ನೆಪತ್ರಿಕೆಯೊಂದನ್ನು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದಂತೆ ಉತ್ತರಿಸಲೋ ಅಥವಾ ನಾನು ಯೋಚಿಸುವಂತೆ ಉತ್ತರಿಸಲೋ ಎಂದು ಕೇಳಿದಳಂತೆ. ಅವರು 1991ರಿಂದ ತರಗತಿಯ ರೀತಿಯನ್ನೇ ಬದಲಿಸಿದರು: ಒಂದು ಪ್ರಶ್ನೆ, ಒಬ್ಬೊಬ್ಬರೇ ಮತ ಹಾಕುವುದು, ಸರಿ ಉತ್ತರ ಕೊಟ್ಟವರು ನೂರಕ್ಕೆ ಮೂವತ್ತರಿಂದ ಎಪ್ಪತ್ತರೊಳಗಿದ್ದರೆ ಪಕ್ಕದವರೊಂದಿಗೆ ಚರ್ಚೆ, ಮತ್ತೆ ಮತ. ಇಂಥ ಪಾಠಕ್ರಮಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2014ರ ಒಂದು ಪ್ರಬಂಧದಲ್ಲಿ, ಬರೀ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ನಪಾಸಾದರೆ ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಸುಮಾರು 22 ಮಂದಿ ಎಂಬ ಲೆಕ್ಕವಿದೆ.

ಊರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಆ ಹಾಳೆಗಳ ಒಂದು ಸೆಟ್ ಮುದ್ರಿಸಿ, ಬಾಳಿಕೆ ಬರಲಿ ಎಂದು ಲ್ಯಾಮಿನೇಷನ್ ಮಾಡಿಸಿದ್ದು. ಅದು ದಡ್ಡತನ. ಟ್ಯೂಬ್‌ಲೈಟಿನ ಬೆಳಕು ಆ ನುಣುಪು ಪ್ಲಾಸ್ಟಿಕ್ಕಿನ ಮೇಲೆ ಫಳಫಳ ಹೊಳೆದು ಮೊಬೈಲಿಗೆ ಆಕೃತಿಯೇ ಕಾಣಲಿಲ್ಲ. ಉಳಿದವುಗಳಲ್ಲಿ ಹುಡುಗರ ಹೆಬ್ಬೆರಳು ಅಡ್ಡ. ಮೊದಲ ದಿನ 58 ಜನರಲ್ಲಿ 19 ಜನರ ಉತ್ತರವಷ್ಟೇ ದಾಖಲಾಯಿತು. ಹುಡುಗರಿಗೆ ಖುಷಿಯೋ ಖುಷಿ. ಅರ್ಧ ಗಂಟೆ ಹೋಯಿತು. ಎರಡನೆಯ ಸೆಟ್ಟನ್ನು ದಪ್ಪ ಹಾಳೆಯಲ್ಲಿ ತೆಗೆಸಿ, ಹಿಡಿಯುವ ಜಾಗಕ್ಕೆ ಗುರುತು ಹಾಕಿಸಿದೆ.

ಮುಂದಿನ ವಾರದ ಪ್ರಶ್ನೆ ಇದು. ಚೆಂಡನ್ನು ನೇರವಾಗಿ ಮೇಲಕ್ಕೆ ಎಸೆದಿದ್ದೀರಿ. ತುತ್ತತುದಿಯಲ್ಲಿ, ಇನ್ನೇನು ಕೆಳಗೆ ಬರಬೇಕು ಎನ್ನುವ ಗಳಿಗೆಯಲ್ಲಿ, ಅದರ ಎಕ್ಸಲರೇಷನ್ ಎಷ್ಟು? ಬಿಎಸ್‌ಸಿ ಮೊದಲ ವರ್ಷ. ಇದೇ ಮಕ್ಕಳು ಚೆಂಡು ಎಷ್ಟು ಎತ್ತರ ಹೋಗುತ್ತದೆ, ಎಷ್ಟು ಹೊತ್ತಿಗೆ ಕೈಗೆ ಬರುತ್ತದೆ ಎಂದು ಸೂತ್ರ ಹಾಕಿ ಪಟಪಟನೆ ಬಿಡಿಸುತ್ತಾರೆ. 58ರಲ್ಲಿ 41 ಜನ ‘ಸೊನ್ನೆ’ ಎಂದರು. ಸರಿಯಾಗಿ ಹೇಳಿದವರು 12. ಮಾಜೂರ್ ಲೆಕ್ಕದಂತೆ ಇಷ್ಟು ಕಡಿಮೆ ಇದ್ದರೆ ಚರ್ಚೆಗೆ ಬಿಡದೆ ಇನ್ನೊಮ್ಮೆ ವಿವರಿಸಬೇಕು. ಆ ಗಾಬರಿಯಲ್ಲಿ ನನಗೆ ಅದು ಮರೆತೇ ಹೋಗಿತ್ತು. ಪಕ್ಕದವರೊಂದಿಗೆ ಮಾತಾಡಿ ಎಂದು ಬಿಟ್ಟುಬಿಟ್ಟೆ.

ಗದ್ದಲ ಎದ್ದಿತು. ಬೆಂಚುಗಳ ನಡುವೆ ನಡೆಯುತ್ತಾ ಹೋದಂತೆ ನನಗೆ ತಿಳಿದದ್ದು, ಅದು ಕನ್ನಡದ ಗದ್ದಲ ಎಂದು. ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. ನಮ್ಮಲ್ಲಿಗೆ ಬರುವವರು ಹೆಚ್ಚಿನವರು ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ಮಕ್ಕಳು, ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಿಂದ ಪುಸ್ತಕ ಇಂಗ್ಲಿಷು, ಪರೀಕ್ಷೆ ಇಂಗ್ಲಿಷು, ನನ್ನ ಪಾಠ ಮುಕ್ಕಾಲು ಇಂಗ್ಲಿಷು. ಅವರು ಬಾಯಿ ತೆರೆಯದಿದ್ದಾಗ ಸಂಕೋಚ ಎಂದುಕೊಳ್ಳುತ್ತಿದ್ದೆ. ಮೂರನೆಯ ಬೆಂಚಿನಲ್ಲಿ, ಅಲ್ಲಿಯವರೆಗೆ ಹಾಜರಿ ಹೇಳುವುದಕ್ಕಷ್ಟೇ ಬಾಯಿ ಬಿಟ್ಟಿದ್ದ ಹುಡುಗಿಯೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: ‘ಎಕ್ಸಲರೇಷನ್ ಎಂದರೆ ವೇಗೋತ್ಕರ್ಷ ಅಲ್ಲವೇ? ವೇಗ ಸೊನ್ನೆ ಆಯಿತು, ಸರಿ. ವೇಗ ಬದಲಾಗುವುದೂ ನಿಂತುಹೋಗಿದ್ದರೆ ಚೆಂಡು ಅಲ್ಲೇ ನೇತಾಡಿಕೊಂಡಿರಬೇಕಿತ್ತು. ಕೆಳಗೆ ಏಕೆ ಬರುತ್ತದೆ?’

ನಾನು ಎಷ್ಟೋ ಬ್ಯಾಚುಗಳಿಗೆ ಇದನ್ನು ವಿವರಿಸಿದ್ದೇನೆ. ‘ನೇತಾಡಿಕೊಂಡಿರಬೇಕಿತ್ತು’ ಎಂಬ ಮಾತು ನನಗೆ ಹೊಳೆದಿರಲಿಲ್ಲ. ಎರಡನೆಯ ಮತದಲ್ಲಿ ಸರಿ ಉತ್ತರ 36ಕ್ಕೆ ಏರಿತು. ಆ 24 ಜನರಿಗೆ ನಾನು ಏನನ್ನೂ ಕಲಿಸಿರಲಿಲ್ಲ.

ಅಲ್ಲಿಂದ ಎಲ್ಲ ಸಲೀಸಾಯಿತು ಎನ್ನುವ ಹಾಗಿಲ್ಲ. ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ವಾರಕ್ಕೊಂದು ಮನೆಗೆಲಸ ಹಾಕಿದೆ. ಒಬ್ಬ ಮಾಡಿದ ಕಾಗುಣಿತದ ತಪ್ಪು ಹದಿನೇಳು ಜನರಲ್ಲಿ ಹಾಗೆಯೇ ಬಂತು. ಅದನ್ನು ಕೈಬಿಟ್ಟೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳು, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಚೆನ್ನಾಗಿ ನಡೆದವು. ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ಯೋಜನೆ ಅದು, ಉಚಿತ, ಕೆಲವು ಕನ್ನಡದಲ್ಲೂ ಇವೆ, ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಓಡುತ್ತವೆ. ಆದರೆ ಸುಮ್ಮನೆ ತೋರಿಸಿದರೆ ಮಕ್ಕಳು ಸಿನಿಮಾ ನೋಡಿದಂತೆ ನೋಡುತ್ತಾರೆ. ಗುಂಡಿ ಒತ್ತುವ ಮೊದಲು ‘ಏನಾಗುತ್ತದೆ, ಹಾಳೆ ಎತ್ತಿ’ ಎಂದರೆ ಮಾತ್ರ, ಒತ್ತಿದ ಮೇಲೆ ಕುರ್ಚಿಯ ತುದಿಗೆ ಬರುತ್ತಾರೆ. ನಮ್ಮ ಸ್ಮಾರ್ಟ್ ಬೋರ್ಡಿನ ಕಥೆ ಬೇಡ. ಅದರ ಮೇಲೆ ಯಾರೋ ಅಳಿಸಲಾಗದ ಮಾರ್ಕರಿನಲ್ಲಿ ಆಂತರಿಕ ಪರೀಕ್ಷೆಯ ವೇಳಾಪಟ್ಟಿ ಬರೆದಿದ್ದಾರೆ, ಅದು ಇಂದಿಗೂ ಇದೆ.

ಸೆಮಿಸ್ಟರಿನ ಕೊನೆಗೆ ವಿದ್ಯಾರ್ಥಿಗಳ ಅಭಿಪ್ರಾಯದ ನಮೂನೆ ಬಂತು. ಹಿಂದಿನ ವರ್ಷಗಳಿಗಿಂತ ನನಗೆ ಕಡಿಮೆ ಅಂಕ. ಒಬ್ಬರು ಬರೆದಿದ್ದರು: ‘ಮೇಡಂ ಮೊದಲು ಚೆನ್ನಾಗಿ ಪಾಠ ಮಾಡುತ್ತಿದ್ದರು. ಈಗ ನಮ್ಮಿಂದಲೇ ಮಾಡಿಸುತ್ತಾರೆ.’ ಎರಡು ದಿನ ಅದು ತಲೆಯಲ್ಲಿ ಕೊರೆಯಿತು. ಆಮೇಲೆ ಹಾರ್ವರ್ಡಿನಲ್ಲೇ ನಡೆದ 2019ರ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ಸಕ್ರಿಯ ಕಲಿಕೆಯ ತರಗತಿಯಲ್ಲಿ ಕುಳಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ, ತಾವು ಕಲಿತದ್ದು ಕಡಿಮೆ ಎಂದೇ ಭಾವಿಸಿದ್ದರಂತೆ. ನಯವಾದ ಉಪನ್ಯಾಸ ಕೇಳಿದವರಿಗೆ ಬಹಳ ಕಲಿತೆವು ಎಂಬ ಭಾವನೆ. ಒದ್ದಾಟ ಕಲಿಕೆಯಂತೆ ತೋರುವುದಿಲ್ಲ. ಸಮಾಧಾನವಾಯಿತು. ಆದರೂ ಆ ನಮೂನೆಯ ಅಂಕ ಬಡ್ತಿಯ ಕಡತಕ್ಕೆ ಸೇರುತ್ತದೆ, ಅಧ್ಯಯನ ಸೇರುವುದಿಲ್ಲ.

ಮುಂದಿನ ವರ್ಷ ಆಂತರಿಕ ಗುಣಮಟ್ಟ ಭರವಸಾ ಕೋಶದ ಸಂಚಾಲಕರು, ‘ಮೇಡಂ, ನೀವೇ ನಮ್ಮ ಅಧ್ಯಾಪಕರಿಗೆ ಮೂರು ದಿನದ ಕಾರ್ಯಾಗಾರ ಮಾಡಿ’ ಎಂದರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿ ಹತ್ತಿರವಿತ್ತು, ಫೋಟೋ ಬೇಕಿತ್ತು. ಅತಿಥಿ ಉಪನ್ಯಾಸಕರನ್ನೂ ಕರೆಯುವುದಾದರೆ ಮಾಡುತ್ತೇನೆ ಎಂದೆ. ನಮ್ಮಲ್ಲಿ ಹೆಚ್ಚು ಪೀರಿಯಡ್ ತೆಗೆದುಕೊಳ್ಳುವವರು ಅವರೇ. ಬಡ್ತಿ ಇಲ್ಲದ ಕಾರಣ ಅವರನ್ನು ಯಾವ ತರಬೇತಿಗೂ ಕಳುಹಿಸುವುದಿಲ್ಲ. ಅವರು ಕಾರ್ಯಾಗಾರದಲ್ಲಿ ಕುಳಿತರೆ ಅವರ ತರಗತಿ ನೋಡುವವರು ಯಾರು ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಮಧ್ಯಾಹ್ನದ ಅವಧಿಗಳಿಗೆ ಬರಲಿ ಎಂದಾಯಿತು. ಒಟ್ಟು 34 ಮಂದಿ.

ನಂಬಿ, ಮೊದಲ ದಿನ ನಾನು 62 ಸ್ಲೈಡ್ ತಯಾರು ಮಾಡಿಕೊಂಡು ಹೋದೆ. ಸಹೋದ್ಯೋಗಿಗಳ ಎದುರು ನಿಂತಾಗ ಹಳೆಯ ಭಯ ಬಂತು: ಸುಮ್ಮನಿದ್ದರೆ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಇಪ್ಪತ್ತನೆಯ ಸ್ಲೈಡಿನ ಹೊತ್ತಿಗೆ ಇತಿಹಾಸದ ಹಿರಿಯರೊಬ್ಬರು ಕೈಯಲ್ಲಿ ಪೆನ್ನು ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಚಹಾ ಬಂದದ್ದು ನನ್ನ ಪುಣ್ಯ. ಚಹಾದ ನಂತರ ಲ್ಯಾಪ್‌ಟಾಪ್ ಮುಚ್ಚಿ, ಮುಂದಿನ ವಾರ ನೀವು ಮಾಡಲಿರುವ ಒಂದು ಪಾಠ ತೆಗೆಯಿರಿ, ಅದರಲ್ಲಿ ಮಕ್ಕಳು ಪ್ರತಿ ವರ್ಷ ಎಡವುವ ಒಂದು ಜಾಗ ಹುಡುಕಿ ಎಂದೆ. ತಪ್ಪು ಉತ್ತರಗಳನ್ನು ನೀವು ಕಲ್ಪಿಸಬೇಡಿ, ಉತ್ತರ ಪತ್ರಿಕೆಗಳಲ್ಲಿ ಕಂಡದ್ದನ್ನೇ ಬರೆಯಿರಿ ಎಂದೂ ಹೇಳಿದೆ.

ಕನ್ನಡ ವಿಭಾಗದ ಮೇಡಂ ತಂದ ಪ್ರಶ್ನೆ ನನಗೆ ಬಹಳ ಹಿಡಿಸಿತು. ‘ಅಕ್ಕ’ ಎಂಬ ಪದಕ್ಕೆ ಪ್ರಸ್ತಾರ ಹಾಕಿ: ಲಘು-ಗುರು, ಗುರು-ಲಘು, ಎರಡೂ ಗುರು, ಎರಡೂ ಲಘು. ವಿಜ್ಞಾನದವರೆಲ್ಲ ಹಾಳೆ ಎತ್ತಿದೆವು. ಒತ್ತಕ್ಷರ ‘ಕ್ಕ’ ಭಾರವಾಗಿ ಕಾಣುವುದರಿಂದ ನಮ್ಮಲ್ಲಿ ಹೆಚ್ಚಿನವರು ಅದನ್ನೇ ಗುರು ಎಂದೆವು. ‘ಒತ್ತಕ್ಷರದ ಹಿಂದಿನ ಅಕ್ಷರ ಗುರು’ ಎಂಬ ನಿಯಮ ಎಲ್ಲರಿಗೂ ಶಾಲೆಯಲ್ಲಿ ಬಾಯಿಪಾಠವಾಗಿತ್ತು. ಅದನ್ನು ಹೇಳುತ್ತಲೇ ತಪ್ಪು ಮಾಡಿದೆವು. ಗಣಿತದವರೊಬ್ಬರು ಎರಡು ಸಲ ‘ಅಕ್‌... ಕ’ ಎಂದು ತಟ್ಟಿ ನೋಡಿ, ‘ನಾಲಗೆ ನಿಲ್ಲುವುದು ಮೊದಲನೆಯದರ ಮೇಲೆ’ ಎಂದರು. ಆ ಮೇಡಂ ತಣ್ಣಗೆ ಹೇಳಿದರು: ‘ನಾವು ಪ್ರಸ್ತಾರವನ್ನು ಯಾವಾಗಲೂ ಮಕ್ಕಳ ಕೈಯಿಂದಲೇ ಹಾಕಿಸುತ್ತಿದ್ದೆವು. ಅದಕ್ಕೆ ಇಷ್ಟು ದೊಡ್ಡ ಹೆಸರಿದೆ ಎಂದು ಗೊತ್ತಿರಲಿಲ್ಲ.’

ವಾಣಿಜ್ಯ ವಿಭಾಗದ ಸರ್ ಒಬ್ಬರು ಮೊದಲಿನಿಂದಲೂ ಕೈಕಟ್ಟಿ ಕುಳಿತಿದ್ದರು. ಅವರದು ಒಂದೇ ಮಾತು: ‘ಪೋರ್ಷನ್ ಮುಗಿಯುವುದು ಹೇಗೆ ಮೇಡಂ?’ ಇದಕ್ಕೆ ನನ್ನಲ್ಲಿ ಚೆನ್ನಾದ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಾನು ಸೂತ್ರಗಳನ್ನು ಹೊರಡಿಸುವ ದೀರ್ಘ ಹಂತಗಳನ್ನು ಮನೆಯಲ್ಲಿ ಓದಿಕೊಳ್ಳಲು ಬಿಡುತ್ತೇನೆ; ಓದದವರು ಓದುವುದಿಲ್ಲ. ಅದನ್ನೇ ಹೇಳಿದೆ. ಬಹುಶಃ ಒಪ್ಪಿಕೊಂಡದ್ದಕ್ಕೇ ಇರಬೇಕು, ಅವರು ಕೈ ಬಿಚ್ಚಿ ಒಂದು ಪ್ರಶ್ನೆ ಬರೆದರು: ಸವಕಳಿಯನ್ನು, ಅಂದರೆ ಸಾಮಾನು ಹಳೆಯದಾದಂತೆ ಇಳಿಯುವ ಬೆಲೆಯನ್ನು, ಲೆಕ್ಕಕ್ಕೆ ಬರೆದ ದಿನ ಅಂಗಡಿಯ ಗಲ್ಲಾದಿಂದ ಎಷ್ಟು ಹಣ ಹೊರಗೆ ಹೋಯಿತು? ಭೌತಶಾಸ್ತ್ರದ ನಾವು ಮೂವರೂ ತಪ್ಪು ಹೇಳಿದೆವು. ಒಂದು ಪೈಸೆಯೂ ಹೋಗುವುದಿಲ್ಲವಂತೆ. ಅವರು ಮೊದಲ ಬಾರಿಗೆ ನಕ್ಕರು.

ಕಾರ್ಯಾಗಾರ ಮುಗಿದ ಮೇಲೆ ಪ್ರಮಾಣಪತ್ರ, ಸಾಮೂಹಿಕ ಫೋಟೋ, ಅಷ್ಟಕ್ಕೇ ನಿಲ್ಲುವುದು ರೂಢಿ. ನಾವು ಏಳೆಂಟು ಜನ ಇನ್ನೊಂದು ಒಪ್ಪಂದ ಮಾಡಿಕೊಂಡೆವು: ಬಿಡುವಿನ ಪೀರಿಯಡ್‌ನಲ್ಲಿ ಒಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬರು ಕುಳಿತು ನೋಡುವುದು, ವರದಿ ಬರೆಯದಿರುವುದು, ಪ್ರಾಂಶುಪಾಲರಿಗೆ ಹೇಳದಿರುವುದು.

ಹೋದ ತಿಂಗಳು ವಾಣಿಜ್ಯದ ಸರ್ ನನ್ನನ್ನು ಕರೆದರು. ಬಿಕಾಂ ಎರಡನೆಯ ವರ್ಷ, ಎಪ್ಪತ್ತು ಜನ, ಫ್ಯಾನು ಕಿರುಗುಟ್ಟುತ್ತಿತ್ತು. ಸವಕಳಿಯ ಪ್ರಶ್ನೆಯನ್ನು ಪರದೆಯ ಮೇಲೆ ಹಾಕಿದರು. ಯೋಚಿಸಿ ಎಂದರು. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಬೆರಳು ಮಡಚುತ್ತಾ ಎಣಿಸುತ್ತಿರುವುದು ಹಿಂದಿನ ಬೆಂಚಿನಿಂದಲೇ ತಿಳಿಯುತ್ತಿತ್ತು, ಪ್ರತಿ ಎಣಿಕೆಗೂ ಭುಜ ಒಂದಿಷ್ಟು ಅಲುಗುತ್ತಿತ್ತು. ಹುಡುಗರು ಪಿಸುಗುಟ್ಟಲು ಶುರು ಮಾಡಿದರು. ಕಿಟಕಿಯ ಪಕ್ಕದವನು ಪಕ್ಕದವನ ಪುಸ್ತಕದಲ್ಲಿ ಏನೋ ಗೀಚಿ ತೋರಿಸುತ್ತಿದ್ದ. ಅಷ್ಟರಲ್ಲಿ, ‘ಗಲ್ಲಾದಿಂದ ಏನೂ ಹೋಗುವುದಿಲ್ಲ ಕಣ್ರಯ್ಯ, ಅದು ಬರೀ ಪುಸ್ತಕದ ನಮೂದು’ ಎಂದುಬಿಟ್ಟರು.

ಗಂಟೆ ಹೊಡೆದ ಮೇಲೆ ಹೊರಗೆ ಬಂದು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ, ‘ಏಳರವರೆಗೆ ತಡೆದೆ ಮೇಡಂ’ ಎಂದರು. ‘ಗುರುವಾರ ಮೂರನೆಯ ಪೀರಿಯಡ್ ಬಿಡುವಿದೆಯೇ ನಿಮಗೆ?’